ಪರಿಹಾರ ಬೋಧನೆಯಿಂದಲೇ ಮಗು ಓದಲು ಕಲಿತಿತೇ? ಕೊಡಗಿನ ಕಿರಿಯ ಪ್ರಾಥಮಿಕ ಶಾಲೆಗಳಿಗೊಂದು ಮೌಲ್ಯಮಾಪನ ಮಾರ್ಗದರ್ಶಿ

ನಾನು ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಮಟ್ಟದಲ್ಲಿ ಕೆಲಸ ಮಾಡುತ್ತಿದ್ದ ಕಾಲದಲ್ಲಿ, ಓದಿನಲ್ಲಿ ಹಿಂದುಳಿದ 2 ಮತ್ತು 3ನೇ ತರಗತಿಯ ಮಕ್ಕಳಿಗಾಗಿ ಒಂದು ವಿಶೇಷ ಓದು ತರಗತಿಯನ್ನು, ಅಂದರೆ ಪರಿಹಾರ ಬೋಧನೆಯನ್ನು, ನಡೆಸಿದ್ದೆವು. ಜೂನ್ ತಿಂಗಳಲ್ಲಿ ಪೂರ್ವ ಪರೀಕ್ಷೆ, ಮಾರ್ಚ್ ತಿಂಗಳಲ್ಲಿ ಅಂತಿಮ ಪರೀಕ್ಷೆ. ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಮೇಲೇರಿದ್ದರು. ವರದಿ ಬರೆದು, ಸಿಹಿ ಹಂಚಿ ಆದ ಮೇಲೆ, ಆ ತರಗತಿಯೇ ನಡೆಯದಿದ್ದ ಪಕ್ಕದ ಶಾಲೆಯ ಮಕ್ಕಳನ್ನೂ ಅದೇ ಹಾಳೆಯಿಂದ ಓದಿಸಿದಾಗ ಅವರೂ ಬಹುಮಟ್ಟಿಗೆ ನಮ್ಮ ಮಕ್ಕಳಷ್ಟೇ ಓದುತ್ತಿದ್ದುದು ಕಂಡಿತು. ಒಂಬತ್ತು ತಿಂಗಳು ಶಾಲೆಗೆ ಬಂದ ಮಗು ಏನಾದರೂ ಕಲಿತೇ ಕಲಿಯುತ್ತದೆ. ನಾವು ಅಳೆದದ್ದು ಕಾಲದ ಕೆಲಸವನ್ನು, ನಮ್ಮ ಕೆಲಸವನ್ನಲ್ಲ. ಇಂಥದೇ ತಪ್ಪನ್ನು ಮತ್ತೊಬ್ಬ ಶಿಕ್ಷಕರೋ ಸಂಪನ್ಮೂಲ ವ್ಯಕ್ತಿಯೋ ಮಾಡದಿರಲೆಂದು, ನಮ್ಮ ಜಿಲ್ಲೆಯ ಮಳೆ, ತೋಟ ಮತ್ತು ಭಾಷೆಗಳನ್ನು ಗಮನದಲ್ಲಿಟ್ಟುಕೊಂಡು ಈ ಕ್ರಮವನ್ನು ಬರೆದಿದ್ದೇನೆ.

ಮೊದಲ ಹೆಜ್ಜೆ: ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯುವುದು

"ಕಾರ್ಯಕ್ರಮ ಚೆನ್ನಾಗಿ ನಡೆಯಿತೇ?" ಎಂಬುದು ಅಳೆಯಲು ಬರುವ ಪ್ರಶ್ನೆಯಲ್ಲ. "ದಿನಕ್ಕೆ 40 ನಿಮಿಷದಂತೆ 50 ದಿನ ಈ ಓದು ತರಗತಿಗೆ ಬಂದ 2 ಮತ್ತು 3ನೇ ತರಗತಿಯ ಮಕ್ಕಳು, ಅವರಷ್ಟೇ ಹಿಂದುಳಿದಿದ್ದರೂ ಈ ತರಗತಿ ಸಿಗದ ಮಕ್ಕಳಿಗಿಂತ ಹೆಚ್ಚು ಅಕ್ಷರಗಳನ್ನು ಸರಿಯಾಗಿ ಓದುತ್ತಾರೆಯೇ, ಓದಿದ್ದನ್ನು ಹೆಚ್ಚು ಅರ್ಥಮಾಡಿಕೊಳ್ಳುತ್ತಾರೆಯೇ?" ಎಂದು ಬರೆದರೆ ಯಾರಿಗೆ, ಎಷ್ಟು ಕಾಲ, ಯಾವ ಕೌಶಲ, ಯಾರೊಡನೆ ಹೋಲಿಕೆ ಎಂಬ ನಾಲ್ಕೂ ಸ್ಪಷ್ಟವಾಗುತ್ತವೆ. ಈ ಹೋಲಿಕೆಯಲ್ಲಿ ಹೊಸ ವಿಧಾನದ ಫಲವೂ ಹೆಚ್ಚುವರಿ 40 ನಿಮಿಷಗಳ ಫಲವೂ ಬೆರೆತೇ ಇರುತ್ತವೆ ಎಂಬುದನ್ನು ಆಗಲೇ ಬರೆದಿಡಬೇಕು. ವಿಧಾನದ ಫಲವನ್ನು ಮಾತ್ರ ತಿಳಿಯಬೇಕಿದ್ದರೆ ಉಳಿದ ಮಕ್ಕಳಿಗೂ ಅಷ್ಟೇ ಹೊತ್ತು ಸಾಮಾನ್ಯ ಓದನ್ನು ಕೊಡಬೇಕಾಗುತ್ತದೆ.

ಎಂಥ ಫಲಿತಾಂಶ ಬಂದರೆ ಕಾರ್ಯಕ್ರಮವನ್ನು ಮುಂದುವರಿಸುತ್ತೇವೆ, ಎಂಥದು ಬಂದರೆ ಬದಲಿಸುತ್ತೇವೆ ಎಂಬುದನ್ನೂ ಮೊದಲೇ ಬರೆದು, ದಿನಾಂಕ ಹಾಕಿ, ಮುಖ್ಯೋಪಾಧ್ಯಾಯರ ಸಹಿ ಮಾಡಿಸಿ ಇಡುವುದು ಒಳ್ಳೆಯದು. ಅಂಕಿಗಳು ಕೈಗೆ ಬಂದ ಮೇಲೆ ಮನಸ್ಸು ತನಗೆ ಬೇಕಾದ ಗೆರೆಯನ್ನು ಬೇಕಾದಲ್ಲಿ ಎಳೆದುಕೊಳ್ಳುತ್ತದೆ.

ಎರಡನೆಯ ಹೆಜ್ಜೆ: ಕೊಡಗಿನ ಕ್ಯಾಲೆಂಡರನ್ನು ಮುಂದಿಟ್ಟುಕೊಂಡು ದಿನ ಗೊತ್ತುಮಾಡುವುದು

ಬಯಲುಸೀಮೆಯ ವೇಳಾಪಟ್ಟಿಯನ್ನು ಇಲ್ಲಿಗೆ ತಂದರೆ ಅದು ನಿಲ್ಲುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಭಾಗಮಂಡಲ, ನಾಪೋಕ್ಲು, ಮಡಿಕೇರಿಯ ಕಡೆ ಮಳೆ ಜೋರಾದ ದಿನಗಳಲ್ಲಿ ಜಿಲ್ಲಾಧಿಕಾರಿಗಳು ರಜೆ ಘೋಷಿಸುತ್ತಾರೆ; ರಜೆಯಿಲ್ಲದ ದಿನವೂ ತೋಡು ತುಂಬಿದರೆ ಮಗು ದಾಟಿ ಬರಲಾರದು. ಹೆಂಚಿನ ಮೇಲೆ ಮಳೆ ಸುರಿಯುವ ಸದ್ದಿನಲ್ಲಿ, ಮಬ್ಬು ಬೆಳಕಿನಲ್ಲಿ, ಒದ್ದೆ ಬಟ್ಟೆಯಲ್ಲಿ ನಡುಗುತ್ತ ಕೂತ ಮಗುವಿನ ಓದನ್ನು ಅಳೆದು ಅದನ್ನೇ ಅದರ ಸಾಮರ್ಥ್ಯವೆಂದು ಬರೆದುಕೊಂಡರೆ, ಮುಂದೆ ಬಿಸಿಲಿನ ದಿನ ಅಳೆದಾಗ ಕಾಣುವ ಏರಿಕೆಯಲ್ಲಿ ಒಂದು ಪಾಲು ಬಿಸಿಲಿನದೇ ಆಗಿರುತ್ತದೆ.

ಇನ್ನೊಂದು ಕಡೆ ಕಾಫಿ. ಅರೇಬಿಕಾ ಕೊಯ್ಲು ಸುಮಾರು ನವೆಂಬರ್‌ನಿಂದ ಜನವರಿಯವರೆಗೆ, ರೊಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ. ಸಿದ್ದಾಪುರ, ಸುಂಟಿಕೊಪ್ಪ, ಪೊನ್ನಂಪೇಟೆಯ ಕಡೆಯ ತೋಟದ ಲೈನ್ ಮನೆಗಳಿಗೆ (ಕಾರ್ಮಿಕರ ಸಾಲುಮನೆಗಳಿಗೆ) ಆ ಹೊತ್ತಿನಲ್ಲಿ ಕುಟುಂಬಗಳು ಬರುತ್ತವೆ, ಕೆಲಸ ಮುಗಿದೊಡನೆ ಹೊರಡುತ್ತವೆ. ಸೆಪ್ಟೆಂಬರಿನಲ್ಲಿ ಇದ್ದ ಮಗು ಮಾರ್ಚ್‌ನಲ್ಲಿ ಇಲ್ಲದಿರಬಹುದು. ಆದಿವಾಸಿ ಹಾಡಿಗಳ ಮಕ್ಕಳಲ್ಲಿ ಕೆಲವರು ತಂದೆ ತಾಯಿಯೊಡನೆ ತೋಟಕ್ಕೆ ಹೋಗುವುದೂ ಇದೇ ಕಾಲದಲ್ಲಿ.

ಆದ್ದರಿಂದ ನಾನು ಸೂಚಿಸುವ ಕ್ರಮ ಹೀಗಿದೆ. ಸೆಪ್ಟೆಂಬರ್ ಮೊದಲ ವಾರ, ಕೈಲ್‌ಪೊಳ್ದ್ ಹಬ್ಬದ ಗಡಿಬಿಡಿ ಕಳೆದೊಡನೆ, ಪೂರ್ವ ಪರೀಕ್ಷೆ ನಡೆಸಬೇಕು. ದಸರಾ ರಜೆಯನ್ನೂ ಕಾವೇರಿ ಸಂಕ್ರಮಣ ಮತ್ತು ಪುತ್ತರಿಯ ಬಿಡುವುಗಳನ್ನೂ ಕಳೆದು 50 ಬೋಧನಾ ದಿನಗಳು ಡಿಸೆಂಬರ್ ನಡುಭಾಗದೊಳಗೆ ಸಿಗುತ್ತವೆ. ಅಂತಿಮ ಪರೀಕ್ಷೆಯನ್ನು ಆ ವಾರದಲ್ಲೇ ಮುಗಿಸಬೇಕು. ಮಾರ್ಚ್ ಕೊನೆಯಲ್ಲಿ ಇನ್ನೊಮ್ಮೆ ಓದಿಸಿ ಎಷ್ಟು ಉಳಿದಿದೆಯೆಂದು ನೋಡಬೇಕು.

ಮೂರನೆಯ ಹೆಜ್ಜೆ: ಮಕ್ಕಳನ್ನು ಆರಿಸುವುದು ಮತ್ತು ಹೋಲಿಕೆಯ ಗುಂಪನ್ನು ಕಟ್ಟುವುದು

ಇಡೀ ಕೆಲಸದ ಬೆನ್ನುಮೂಳೆ ಇದು. ಅತಿ ಕಡಿಮೆ ಅಂಕ ಪಡೆದ ಮಕ್ಕಳನ್ನೇ ಆರಿಸಿದಾಗ ಅವರಲ್ಲಿ ಕೆಲವರು ನಿಜವಾಗಿಯೂ ಹಿಂದುಳಿದವರು, ಮತ್ತೆ ಕೆಲವರು ಆ ದಿನ ಮಾತ್ರ ಎಡವಿದವರು: ಜ್ವರದಿಂದ ಎದ್ದು ಬಂದವರು, ಅಪರಿಚಿತರ ಮುಂದೆ ಬಾಯಿಬಿಡದವರು. ಎರಡನೆಯ ಬಗೆಯವರು ನಾವು ಏನನ್ನೂ ಮಾಡದಿದ್ದರೂ ಮುಂದಿನ ಪರೀಕ್ಷೆಯಲ್ಲಿ ಮೇಲೇರುತ್ತಾರೆ. ಸಂಖ್ಯಾಶಾಸ್ತ್ರದಲ್ಲಿ ಇದನ್ನು ಸರಾಸರಿಯ ಕಡೆಗಿನ ಮರಳುವಿಕೆ ಎನ್ನುತ್ತಾರೆ. ಪರಿಹಾರ ಬೋಧನೆಯ ಯಶಸ್ಸಿನ ಕಥೆಗಳಲ್ಲಿ ಇದರ ಪಾಲು ದೊಡ್ಡದೆಂದು ನನ್ನ ಅನುಭವ. ಒಂದು ವಾರದ ಅಂತರದಲ್ಲಿ ಎರಡು ಬಾರಿ ಓದಿಸಿ ಎರಡರಲ್ಲೂ ಕೆಳಗಿದ್ದ ಮಕ್ಕಳನ್ನು ಆರಿಸಿದರೆ ಇದು ತಗ್ಗುತ್ತದೆ. ಅದೇ ನಿಯಮದಿಂದ ಆರಿಸಿದ ಹೋಲಿಕೆಯ ಗುಂಪೂ ಇದ್ದರೆ ಉಳಿದದ್ದು ಎರಡೂ ಕಡೆ ಸಮನಾಗುತ್ತದೆ.

ಆರಿಸುವ ಮುನ್ನ ಕಣ್ಣು, ಕಿವಿಗಳ ತಪಾಸಣೆ ಆಗಿರಲಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬರುವ ದಿನವನ್ನು ಕೇಳಿ ತಿಳಿದುಕೊಳ್ಳಬಹುದು. ಕರಿಹಲಗೆ ಕಾಣದ ಮಗುವಿಗೆ ಬೇಕಾದದ್ದು ಕನ್ನಡಕ.

ನಮ್ಮ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ತರಗತಿಗೆ ನಾಲ್ಕೈದು ಮಕ್ಕಳಿರುವುದೂ ಉಂಟು. ಒಂದೇ ಶಾಲೆಯಲ್ಲಿ ಎರಡು ಗುಂಪು ಕಟ್ಟಲಾಗದಿದ್ದರೆ ಕ್ಲಸ್ಟರಿನ ಏಳೆಂಟು ಶಾಲೆಗಳನ್ನು ಸೇರಿಸಿಕೊಂಡು, ಮಕ್ಕಳ ಸಂಖ್ಯೆ, ಮನೆಮಾತು, ತೋಟದ ಮಕ್ಕಳ ಪ್ರಮಾಣ ಇವುಗಳಲ್ಲಿ ಹತ್ತಿರವಿರುವ ಎರಡೆರಡು ಶಾಲೆಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಯಾವ ಶಾಲೆಗೆ ಮೊದಲು ತರಗತಿ ಎಂಬುದನ್ನು ಎಲ್ಲರ ಮುಂದೆ ಚೀಟಿ ಎತ್ತಿ ನಿರ್ಧರಿಸಬೇಕು. "ಉತ್ಸಾಹಿ ಶಿಕ್ಷಕರಿರುವ ಶಾಲೆಗೆ ಮೊದಲು ಕೊಡೋಣ" ಎಂಬ ಸಲಹೆ ಖಂಡಿತ ಬರುತ್ತದೆ. ಅದಕ್ಕೆ ಒಪ್ಪಿದರೆ ಕೊನೆಯಲ್ಲಿ ಅಳೆಯುವುದು ಆ ಶಿಕ್ಷಕರ ಉತ್ಸಾಹವನ್ನೇ.

ಕೆಲವು ಮಕ್ಕಳನ್ನು ಬಿಟ್ಟುಬಿಡುವುದು ನ್ಯಾಯವೇ ಎಂದು ಪೋಷಕರು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಕೇಳಿದರೆ ಅದು ಸರಿಯಾದ ಪ್ರಶ್ನೆ. ಯಾರನ್ನೂ ಬಿಡುವುದಿಲ್ಲ, ಎರಡನೆಯ ಗುಂಪಿಗೆ ಅಂತಿಮ ಪರೀಕ್ಷೆ ಮುಗಿದೊಡನೆ ಜನವರಿಯಿಂದ ಇದೇ ತರಗತಿ ಸಿಗುತ್ತದೆ ಎಂದು ಉತ್ತರಿಸುವಂತಿರಬೇಕು. ಆದರೆ ಇದಕ್ಕೊಂದು ಬೆಲೆಯಿದೆ: ಜನವರಿಯ ನಂತರ ಹೋಲಿಕೆಯ ಗುಂಪೆಂಬುದು ಉಳಿಯುವುದಿಲ್ಲ, ಹೀಗಾಗಿ ಮಾರ್ಚ್‌ನ ಅಳತೆಯಿಂದ ಮೊದಲ ಗುಂಪಿನ ಮಕ್ಕಳು ಕಲಿತದ್ದನ್ನು ಉಳಿಸಿಕೊಂಡರೇ ಎಂಬುದಷ್ಟೇ ತಿಳಿಯುತ್ತದೆ. ಆ ಬೆಲೆಯನ್ನು ತೆರುವುದೇ ಸರಿಯೆಂದು ನಾನು ಭಾವಿಸುತ್ತೇನೆ.

ನಾಲ್ಕನೆಯ ಹೆಜ್ಜೆ: ಕನ್ನಡದ ಓದಿಗೆ ಒಪ್ಪುವ ಅಳತೆಗೋಲು

2021ರಲ್ಲಿ ಆರಂಭವಾದ ನಿಪುಣ್ ಭಾರತ್ (ಚಿಕ್ಕ ಮಕ್ಕಳ ಓದು, ಬರಹ, ಲೆಕ್ಕಕ್ಕಾಗಿ ಕೇಂದ್ರ ಸರ್ಕಾರದ ಕಾರ್ಯಕ್ರಮ) ಮಾರ್ಗಸೂಚಿಯಲ್ಲಿ 2ನೇ ತರಗತಿಗೆ ನಿಮಿಷಕ್ಕೆ 45ರಿಂದ 60 ಪದ, 3ನೇ ತರಗತಿಗೆ ಕನಿಷ್ಠ 60 ಪದ ಎಂಬ ಗುರಿಯಿತ್ತು. ಕನ್ನಡದಲ್ಲಿ ಪದದ ಲೆಕ್ಕ ಮೋಸ ಮಾಡುತ್ತದೆ. "ಅಮ್ಮ ಹೂ ತಂದಳು" ಎಂಬುದರಲ್ಲಿ ಮೂರು ಪದಗಳಿವೆ, ಆರು ಅಕ್ಷರಗಳಿವೆ. "ಹೋಗಬೇಕಾಗಿತ್ತೆಂದು" ಎಂಬ ಒಂದೇ ಪದದಲ್ಲಿ ಏಳು ಅಕ್ಷರಗಳಿವೆ. ಭಾಷೆಗೊಂದು ಅಳತೆ ಬೇಕೆಂಬುದನ್ನು ಒಪ್ಪಿಕೊಂಡೇ 2022ರಲ್ಲಿ ಎನ್‌ಸಿಇಆರ್‌ಟಿ ನಡೆಸಿದ ಬುನಾದಿ ಕಲಿಕೆಯ ಸಮೀಕ್ಷೆಯಲ್ಲಿ ಇಪ್ಪತ್ತು ಭಾಷೆಗಳಿಗೆ ಬೇರೆಬೇರೆ ಮಾನದಂಡಗಳನ್ನು ಗೊತ್ತುಪಡಿಸಲಾಯಿತು. ಶಾಲೆಯ ಮಟ್ಟದಲ್ಲಿ ನಿಮಿಷಕ್ಕೆ ಸರಿಯಾಗಿ ಓದಿದ ಅಕ್ಷರಗಳನ್ನು ಎಣಿಸುವುದು ಸುಲಭ, ನ್ಯಾಯವೂ ಹೌದು.

ಕನ್ನಡ ಕಲಿಯುವ ಮಗುವಿನ ಮುಂದಿರುವುದು ವರ್ಣಮಾಲೆಯ 49 ಅಕ್ಷರಗಳು ಮಾತ್ರವಲ್ಲ. 34 ವ್ಯಂಜನಗಳಿಗೆ ಹದಿನೈದು ಹದಿನೈದರ ಕಾಗುಣಿತ ಹಿಡಿದರೆ 510 ರೂಪಗಳು, ಅವುಗಳ ಮೇಲೆ ಒತ್ತಕ್ಷರಗಳು. ಇವೆಲ್ಲ ಮನಸ್ಸಿನಲ್ಲಿ ನೆಲೆಗೊಳ್ಳಲು ನಾಲ್ಕೈದು ವರ್ಷ ಹಿಡಿಯುವುದು ಸಹಜವೆಂದು ಕನ್ನಡ ಓದಿನ ಸಂಶೋಧನೆಗಳು ತೋರಿಸಿವೆ. ಆದ್ದರಿಂದ ಪರೀಕ್ಷೆಯ ಹಾಳೆಯಲ್ಲಿ ಮೂಲಾಕ್ಷರ, ಕಾಗುಣಿತ, ಒತ್ತಕ್ಷರವಿಲ್ಲದ ಪದ, ಒತ್ತಕ್ಷರವುಳ್ಳ ಪದ, ಸಣ್ಣ ಗದ್ಯಭಾಗ, ಅದರ ಮೇಲೆ ನಾಲ್ಕೈದು ಪ್ರಶ್ನೆಗಳು, ಹೀಗೆ ಬೇರೆಬೇರೆ ಭಾಗಗಳಿರಬೇಕು. ಪ್ರತಿಯೊಂದರ ಅಂಕವನ್ನೂ ಬೇರೆಯಾಗಿ ಬರೆಯಬೇಕು. ಒಟ್ಟು ಅಂಕ ಮಾತ್ರ ಬರೆದರೆ, ಗುಣಿತಾಕ್ಷರದವರೆಗೆ ಬಂದು ಒತ್ತಕ್ಷರದಲ್ಲಿ ನಿಂತ ಮಗುವೂ, ಎಲ್ಲವನ್ನೂ ಓದಿ ಏನನ್ನೂ ಗ್ರಹಿಸದ ಮಗುವೂ ಒಂದೇ ಸಾಲಿನಲ್ಲಿ ಕಾಣುತ್ತಾರೆ. ಅಕ್ಷರ, ಪದ, ಪ್ಯಾರಾ, ಕಥೆ ಎಂಬ ಅಸರ್ (ಪ್ರಥಮ್ ಸಂಸ್ಥೆಯ ಮನೆಮನೆ ಕಲಿಕಾ ಸಮೀಕ್ಷೆ) ಮಟ್ಟಗಳು ಮಕ್ಕಳನ್ನು ಆರಿಸಲು ಉಪಯುಕ್ತ. ಆದರೆ 50 ದಿನಗಳಲ್ಲಾಗುವ ಬದಲಾವಣೆಗೆ ಆ ಮೆಟ್ಟಿಲುಗಳು ತೀರ ಎತ್ತರ.

ಅಕ್ಷರಗಳನ್ನು ಪಾಠದ ಅನುಕ್ರಮದಲ್ಲಿ ಜೋಡಿಸಬಾರದು. ನಲಿ-ಕಲಿ ಎಂಬ ಚಟುವಟಿಕೆ ಆಧಾರಿತ ಪದ್ಧತಿಯಲ್ಲಿ ಕಲಿಯುವ ಮಕ್ಕಳು "ರ ಗ ಸ ದ ಅ" ಎಂಬುದನ್ನು ಹಾಡಿನಂತೆ ಹೇಳಬಲ್ಲರು. ಒಮ್ಮೆ ಒಂದು ಶಾಲೆಯಲ್ಲಿ ಒಬ್ಬ ಹುಡುಗ ಕಿಟಕಿಯಾಚೆ ನೋಡುತ್ತಲೇ ಇಡೀ ಪುಟವನ್ನು ತಪ್ಪಿಲ್ಲದೆ "ಓದಿ" ಮುಗಿಸಿದ್ದನ್ನು ನಾನು ಕಂಡಿದ್ದೇನೆ. ಗದ್ಯಭಾಗವೂ ಪಠ್ಯಪುಸ್ತಕದ್ದಾಗಿರಬಾರದು. ಒಂದೇ ಉದ್ದದ, ಸುಮಾರಾಗಿ ಅಷ್ಟೇ ಒತ್ತಕ್ಷರಗಳಿರುವ ಎರಡು ಭಾಗಗಳನ್ನು ಬರೆದುಕೊಂಡು, ಅರ್ಧ ಮಕ್ಕಳಿಗೆ ಮೊದಲನೆಯದನ್ನು ಪೂರ್ವ ಪರೀಕ್ಷೆಯಲ್ಲೂ ಎರಡನೆಯದನ್ನು ಅಂತಿಮ ಪರೀಕ್ಷೆಯಲ್ಲೂ, ಉಳಿದ ಅರ್ಧಕ್ಕೆ ಅದಲುಬದಲಾಗಿ ಕೊಟ್ಟರೆ, ಒಂದು ಭಾಗ ಕೊಂಚ ಸುಲಭವಿದ್ದರೂ ಫಲಿತಾಂಶ ಕೆಡುವುದಿಲ್ಲ. ಕಾಫಿ ಕಣ, ಗದ್ದೆ, ಮಳೆ, ಸಂತೆ ಇಂಥ ವಿಷಯಗಳು ನಮ್ಮ ಬಹುತೇಕ ಮಕ್ಕಳಿಗೆ ಪರಿಚಿತ.

ಮನೆಮಾತಿನ ವಿಚಾರದಲ್ಲಿ ತುಸು ನಿಲ್ಲಬೇಕು. ಒಂದೇ ಕೋಣೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ರಾವುಲ, ಜೇನುಕುರುಬ, ಮಲಯಾಳ, ತುಳು, ಬ್ಯಾರಿ, ತಮಿಳು ಮನೆಗಳ ಮಕ್ಕಳು ಕೂತಿರುತ್ತಾರೆ. ಈಚೆಗೆ ಅಸ್ಸಾಂ, ಬಂಗಾಳದ ಕಡೆಯಿಂದ ಬಂದ ಕಾರ್ಮಿಕರ ಮಕ್ಕಳೂ ಸೇರಿದ್ದಾರೆ. "ಹಾಲು" ಎಂಬುದನ್ನು "ಆಲು" ಎಂದೋ "ಶಾಲೆ" ಎಂಬುದನ್ನು "ಸಾಲೆ" ಎಂದೋ ಓದಿದ ಮಗು ಅಕ್ಷರವನ್ನು ಗುರುತಿಸಿದೆ, ತನ್ನ ನಾಲಿಗೆಗೆ ಒಗ್ಗಿದಂತೆ ನುಡಿದಿದೆ. ಇದನ್ನು ತಪ್ಪೆಂದು ಎಣಿಸಬಾರದೆಂಬ ನಿಯಮವನ್ನು ಮೊದಲೇ ಬರೆದು ಎಲ್ಲ ಪರೀಕ್ಷಕರಿಗೂ ಕೊಡಬೇಕು. ಗ್ರಹಿಕೆಯ ಪ್ರಶ್ನೆಗಳಿಗೆ ಮಗು ತನ್ನ ಮನೆಮಾತಿನಲ್ಲೇ ಉತ್ತರಿಸಲಿ. ಅದನ್ನು ತಿಳಿಯಬಲ್ಲ ಒಬ್ಬರು, ಅಂಗನವಾಡಿ ಕಾರ್ಯಕರ್ತೆಯೋ ಹಾಡಿಯ ಓದಿದ ಯುವತಿಯೋ, ಪಕ್ಕದಲ್ಲಿರಲಿ. ಅದೇ ಗದ್ಯಭಾಗದಂಥ ಇನ್ನೊಂದು ಸಣ್ಣ ಕಥೆಯನ್ನು ನಾವೇ ಓದಿ ಹೇಳಿ ಪ್ರಶ್ನೆ ಕೇಳಿದರೆ ಮತ್ತೊಂದು ಸಂಗತಿ ಹೊರಬೀಳುತ್ತದೆ: ಕೇಳಿದಾಗಲೂ ಅರ್ಥವಾಗದ ಮಗುವಿಗೆ ಕೊರತೆಯಿರುವುದು ಕನ್ನಡದ ಮಾತಿನಲ್ಲಿ, ಅದಕ್ಕೆ ಅಕ್ಷರದ ತಾಲೀಮು ಎಷ್ಟು ಮಾಡಿಸಿದರೂ ಅಂತಿಮ ಪರೀಕ್ಷೆಯ ಗ್ರಹಿಕೆಯ ಅಂಕ ಏರಲಾರದು.

ಐದನೆಯ ಹೆಜ್ಜೆ: ಓದಿಸುವ ದಿನ

ತರಗತಿಯನ್ನು ನಡೆಸಿದವರೇ ಪರೀಕ್ಷೆಯನ್ನೂ ನಡೆಸಬಾರದು. ಇದು ಶಿಕ್ಷಕರ ಮೇಲಿನ ಅಪನಂಬಿಕೆಯಲ್ಲ. ತಾನು ಕಲಿಸಿದ ಮಗು ತಡವರಿಸಿದಾಗ ತುಟಿಯಂಚಿನಲ್ಲಿ ಅಕ್ಷರ ಮೂಡಿಸದಿರುವುದು ಯಾರಿಗೂ ಕಷ್ಟ. ಪಕ್ಕದ ಶಾಲೆಯವರನ್ನೋ ಕೂಡಿಗೆ ಡಯಟ್‌ನ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ) ಪ್ರಶಿಕ್ಷಣಾರ್ಥಿಗಳನ್ನೋ ಕೇಳಬಹುದು. ಯಾವ ಮಗು ಯಾವ ಗುಂಪಿನದೆಂದು ಅವರಿಗೆ ಗೊತ್ತಿಲ್ಲದಿದ್ದರೆ ಇನ್ನೂ ಒಳಿತು.

ಮಗು ಒಬ್ಬೊಬ್ಬರಾಗಿ, ಬೆಳಕಿರುವ ಜಾಗದಲ್ಲಿ, ಬಿಸಿಯೂಟಕ್ಕೆ ಮುನ್ನ ಓದಲಿ. ಪರೀಕ್ಷಕರ ಹಾಳೆಯಲ್ಲಿ ತಪ್ಪಿದ ಅಕ್ಷರಕ್ಕೆ ಗೆರೆ, 60 ಸೆಕೆಂಡಿಗೆ ತಲುಪಿದ ಜಾಗಕ್ಕೆ ಗುರುತು. ಮಗು ಮೊದಲೇ ಮುಗಿಸಿದರೆ ಸರಿಯಾದ ಅಕ್ಷರಗಳನ್ನು 60ರಿಂದ ಗುಣಿಸಿ, ಹಿಡಿದ ಸೆಕೆಂಡುಗಳಿಂದ ಭಾಗಿಸಬೇಕು. ಮೊದಲ ಹತ್ತು ಅಕ್ಷರಗಳಲ್ಲಿ ಒಂದೂ ಬಾರದಿದ್ದರೆ ಅಲ್ಲಿಗೇ ನಿಲ್ಲಿಸಿ, ಚಿತ್ರ ತೋರಿಸಿ ಮಾತಾಡಿಸಿ ಕಳಿಸಬೇಕು. ಮಗು ಸೋತ ಮುಖ ಹೊತ್ತು ಎದ್ದುಹೋಗಬಾರದು. ಆರಂಭದಲ್ಲಿ ಐದಾರು ಮಕ್ಕಳ ಓದಿಗೆ ಇಬ್ಬರು ಪರೀಕ್ಷಕರು ಬೇರೆಬೇರೆಯಾಗಿ ಅಂಕ ಹಾಕಿ ಹೋಲಿಸಿಕೊಳ್ಳುವುದು ಅವಶ್ಯ. ಇಬ್ಬರ ಅಂಕಗಳ ಅಂತರವೇ ಕಾರ್ಯಕ್ರಮದಿಂದ ನಿರೀಕ್ಷಿಸುವ ಏರಿಕೆಯಷ್ಟಿದ್ದರೆ, ನಿಯಮಗಳನ್ನು ಮತ್ತೆ ಕೂತು ಚರ್ಚಿಸದೆ ಮುಂದೆ ಹೋಗುವುದರಲ್ಲಿ ಅರ್ಥವಿಲ್ಲ.

ಆರನೆಯ ಹೆಜ್ಜೆ: ಬೋಧನೆ ನಿಜಕ್ಕೂ ಎಷ್ಟು ನಡೆಯಿತು?

40 ನಿಮಿಷದ 50 ತರಗತಿಗಳೆಂದರೆ 2000 ನಿಮಿಷ, ಅಂದರೆ 33 ಗಂಟೆ 20 ನಿಮಿಷ. ಹತ್ತರಲ್ಲಿ ಆರು ದಿನ ಬಂದ ಮಗುವಿಗೆ ಸಿಕ್ಕಿದ್ದು 20 ಗಂಟೆ. ಶಾಲೆಯ ಹಾಜರಿ ಪುಸ್ತಕ ಸಾಲದು. ಈ ತರಗತಿಗೇ ಒಂದು ಪ್ರತ್ಯೇಕ ನೋಟ್ ಪುಸ್ತಕ ಇಟ್ಟು ದಿನಾಂಕ, ಬಂದವರು, ನಡೆದ ನಿಮಿಷ, ಮಾಡಿದ ಚಟುವಟಿಕೆಗಳನ್ನು ಬರೆಯಬೇಕು. ಶಿಕ್ಷಕರು ತರಬೇತಿಗೆ, ಚುನಾವಣಾ ಕೆಲಸಕ್ಕೆ ಹೋದ ದಿನಗಳನ್ನೂ ಮುಚ್ಚಿಡದೆ ದಾಖಲಿಸಬೇಕು. ಫಲ ಬಾರದಿದ್ದಾಗ ವಿಧಾನ ಸೋತಿತೋ ಅಥವಾ ವಿಧಾನ ನಡೆಯಲೇ ಇಲ್ಲವೋ ಎಂಬುದನ್ನು ಹೇಳಬಲ್ಲದ್ದು ಈ ಪುಸ್ತಕ ಮಾತ್ರ. ಈ ಮಕ್ಕಳನ್ನು ಹೊರಗೆ ಕರೆದೊಯ್ದ ಹೊತ್ತಿನಲ್ಲಿ ಅವರು ಯಾವ ಪಾಠ ಕಳೆದುಕೊಂಡರು, ಹೋಲಿಕೆಯ ಗುಂಪು ಆ ಹೊತ್ತಿನಲ್ಲಿ ಏನು ಮಾಡುತ್ತಿತ್ತು ಎಂಬುದೂ ಅಲ್ಲೇ ಇರಲಿ.

ಏಳನೆಯ ಹೆಜ್ಜೆ: ಅಂಕಿಗಳನ್ನು ಓದುವುದು

ವಿವರಣೆಗಾಗಿ ಒಂದು ಕಾಲ್ಪನಿಕ ಲೆಕ್ಕ ತೆಗೆದುಕೊಳ್ಳೋಣ. ಗುಂಪಿಗೆ 12 ಮಕ್ಕಳು. ತರಗತಿ ಪಡೆದವರ ಸರಾಸರಿ ನಿಮಿಷಕ್ಕೆ 14 ಅಕ್ಷರಗಳಿಂದ 38ಕ್ಕೆ ಏರಿತು, ಅಂದರೆ 24ರ ಏರಿಕೆ. ಹೋಲಿಕೆಯ ಗುಂಪು 15ರಿಂದ 31ಕ್ಕೆ, ಅಂದರೆ 16. ಕಾರ್ಯಕ್ರಮದ ಪಾಲು 24 ಅಲ್ಲ, ಎರಡರ ವ್ಯತ್ಯಾಸವಾದ 8 ಮಾತ್ರ. ಈಗ ಮಕ್ಕಳ ಪಟ್ಟಿಯನ್ನು ಒಂದೊಂದಾಗಿ ನೋಡಿದಾಗ, ಮೊದಲ ಗುಂಪಿನ ಒಂದು ಮಗು ಒಂದೇ 90 ಅಕ್ಷರಗಳಷ್ಟು ಏರಿರುವುದು ಕಂಡಿತೆನ್ನಿ. ಒಟ್ಟು ಏರಿಕೆ 288ರಲ್ಲಿ 90 ಕಳೆದು 11ರಿಂದ ಭಾಗಿಸಿದರೆ ಉಳಿದವರ ಸರಾಸರಿ ಏರಿಕೆ 18. ಎಂಟರ ವ್ಯತ್ಯಾಸ ಎರಡಕ್ಕೆ ಇಳಿಯಿತು! ಇಂಥ ಸಣ್ಣ ಗುಂಪುಗಳಲ್ಲಿ ಸರಾಸರಿಯ ಜೊತೆಗೆ, ಏರಿಕೆಯ ಕ್ರಮದಲ್ಲಿ ನಿಲ್ಲಿಸಿದಾಗ ನಡುವೆ ಬರುವ ಮಕ್ಕಳ ಅಂಕವನ್ನೂ ಕೊಡಬೇಕು. ಶೇಕಡಾವಾರು ಬರೆಯುವುದನ್ನು ಬಿಟ್ಟು "12ರಲ್ಲಿ 7" ಎಂದು ಬರೆಯಬೇಕು.

ವ್ಯತ್ಯಾಸವನ್ನು ಪೂರ್ವ ಪರೀಕ್ಷೆಯ ಅಂಕಗಳ ಮಾನಕ ವಿಚಲನೆಯಿಂದ (ಅಂಕಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬುದರ ಅಳತೆ) ಭಾಗಿಸಿದರೆ ಬೇರೆ ಕಾರ್ಯಕ್ರಮಗಳೊಡನೆ ಹೋಲಿಸಬಹುದಾದ ಅಳತೆ ಸಿಗುತ್ತದೆ. ಮೇಲಿನ ಉದಾಹರಣೆಯಲ್ಲಿ ವಿಚಲನೆ 10 ಇದ್ದರೆ ಅದು 0.8. ಹಿಗ್ಗುವ ಮುನ್ನ ಒಂದು ನೈಜ ಅಂಕಿಯನ್ನು ನೆನೆಯಬೇಕು: 2000ದ ದಶಕದ ಆರಂಭದಲ್ಲಿ ಮುಂಬಯಿ ಮತ್ತು ವಡೋದರಾದ ಶಾಲೆಗಳಲ್ಲಿ ಹಿಂದುಳಿದ ಮಕ್ಕಳಿಗೆ ಸ್ಥಳೀಯ ಯುವತಿಯರು ಕಲಿಸಿದ ಬಾಲಸಖಿ ಕಾರ್ಯಕ್ರಮವನ್ನು, ಮುಂದೆ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೋ ಅವರೂ ಇದ್ದ ತಂಡ ದೊಡ್ಡ ಪ್ರಮಾಣದಲ್ಲಿ ಮೌಲ್ಯಮಾಪನ ಮಾಡಿದಾಗ ಇದೇ ಅಳತೆಯಲ್ಲಿ ಮೊದಲ ವರ್ಷ 0.14, ಎರಡನೆಯ ವರ್ಷ 0.28ರಷ್ಟು ಪರಿಣಾಮ ಕಂಡಿತ್ತು. ಮಕ್ಕಳು ಕಾರ್ಯಕ್ರಮದಿಂದ ಹೊರಬಂದ ಒಂದು ವರ್ಷದ ನಂತರ ಅದು ಸುಮಾರು 0.1ಕ್ಕೆ ಇಳಿದಿತ್ತು. ಅದನ್ನು ಯಶಸ್ವೀ ಕಾರ್ಯಕ್ರಮವೆಂದೇ ಎಣಿಸಲಾಗಿದೆ. ಹನ್ನೆರಡು ಮಕ್ಕಳಲ್ಲಿ 0.8 ಬಂದರೆ ಮೊದಲು ಅನುಮಾನಿಸಬೇಕಾದದ್ದು ನಮ್ಮ ಅಳತೆಯನ್ನೇ. ಫಲ ಹೀಗೆ ಕಾಲ ಕಳೆದಂತೆ ಇಳಿಯಬಹುದೆಂಬುದೇ ಮಾರ್ಚ್‌ನ ಪರೀಕ್ಷೆಯನ್ನು ಬಿಡಬಾರದೆನ್ನುವುದಕ್ಕೂ ಕಾರಣ.

ಎರಡು ಪ್ರಲೋಭನೆಗಳಿಂದ ದೂರವಿರಬೇಕು. ಒಂದು, ಸರಿಯಾಗಿ ಬಾರದ ಮಕ್ಕಳನ್ನು ಲೆಕ್ಕದಿಂದ ಕೈಬಿಡುವುದು. ತಪ್ಪದೆ ಬಂದ ಮಗುವಿನ ಹಿಂದೆ ತಪ್ಪದೆ ಕಳಿಸುವ ಮನೆಯೂ ಇರುತ್ತದೆ. ಅವರನ್ನಷ್ಟೇ ಎಣಿಸಿದರೆ ಆ ಮನೆಯ ಫಲ ನಮ್ಮ ಖಾತೆಗೆ ಜಮೆಯಾಗುತ್ತದೆ. ಚೀಟಿ ಎತ್ತಿದ ದಿನ ಯಾರು ಯಾವ ಗುಂಪಿಗೆ ಬಂದಿದ್ದರೋ, ತರಗತಿಗೆ ಎಷ್ಟೇ ದಿನ ಬಂದಿರಲಿ, ಅವರನ್ನು ಅದೇ ಗುಂಪಿನಲ್ಲಿ ಎಣಿಸಬೇಕು. ಊರು ಬಿಟ್ಟು ಹೋಗಿ ಅಂತಿಮ ಪರೀಕ್ಷೆಗೇ ಸಿಗದ ಮಕ್ಕಳು ಎಷ್ಟು, ಅವರ ಪೂರ್ವ ಪರೀಕ್ಷೆಯ ಅಂಕ ಎಷ್ಟಿತ್ತು ಎಂಬುದನ್ನು ಎರಡೂ ಗುಂಪಿಗೆ ಬೇರೆಬೇರೆಯಾಗಿ ತೋರಿಸಬೇಕು. ಒಂದು ಗುಂಪಿನಿಂದ ಹಿಂದುಳಿದವರೇ ಹೆಚ್ಚಾಗಿ ಹೋಗಿದ್ದರೆ ಆ ಗುಂಪಿನ ಸರಾಸರಿ ತಾನಾಗಿಯೇ ಏರಿರುತ್ತದೆ. ಎರಡನೆಯದು, ಒಟ್ಟಾರೆ ಫಲ ಕಾಣದಾಗ ಹುಡುಗಿಯರಲ್ಲಿ, ಲೈನ್ ಮನೆಯವರಲ್ಲಿ, 2ನೇ ತರಗತಿಯವರಲ್ಲಿ ಎಂದು ಎಲ್ಲಾದರೊಂದು ಕಡೆ ಸಿಗುವವರೆಗೆ ಹುಡುಕುವುದು. ಮೊದಲೇ ಬರೆದಿಟ್ಟ ಒಂದೆರಡು ಉಪಗುಂಪುಗಳನ್ನಷ್ಟೇ ನೋಡಬೇಕು.

ಎಂಟನೆಯ ಹೆಜ್ಜೆ: ವರದಿ ಮತ್ತು ಕಡತ

ವರದಿ ಎರಡು ಪುಟ ಮೀರದಿರಲಿ: ಪ್ರಶ್ನೆ, ಮಕ್ಕಳ ಆಯ್ಕೆಯ ರೀತಿ, ನಡೆದ ಗಂಟೆಗಳು, ಎರಡೂ ಗುಂಪಿನ ಮೊದಲಿನ ಮತ್ತು ಕೊನೆಯ ಅಂಕಗಳು, ಬಿಟ್ಟುಹೋದವರ ಲೆಕ್ಕ, ತಗುಲಿದ ಖರ್ಚು, ನಿರ್ಧಾರ. ಮಕ್ಕಳ ಹೆಸರು ಇರಬಾರದು, ಕ್ರಮಸಂಖ್ಯೆ ಸಾಕು. ಎಸ್‌ಡಿಎಂಸಿ ಸಭೆಯಲ್ಲಿ ಪಟ್ಟಿಯನ್ನು ಗಟ್ಟಿಯಾಗಿ ಓದುವ ಪದ್ಧತಿ ಇಲ್ಲಿ ಬೇಡವೇ ಬೇಡ. ಪೋಷಕರಿಗೆ ಅವರ ಮಗುವಿನ ವಿಷಯವನ್ನು ಅವರಿಗಷ್ಟೇ, ಅಂಕದಲ್ಲಲ್ಲದೆ, ಮಗುವನ್ನು ಎದುರಿಗೆ ಕೂರಿಸಿ ನಾಲ್ಕು ಸಾಲು ಓದಿಸಿ ತೋರಿಸುವುದು ಲೇಸು.

ಮೂಲ ಹಾಳೆಗಳನ್ನು ಎಸೆಯಬಾರದು. ವರ್ಗಾವಣೆಯಾಗಿ ಹೊಸ ಶಿಕ್ಷಕರು ಬಂದಾಗ ಯಾವ ಮಗು ಯಾವ ಒತ್ತಕ್ಷರದಲ್ಲಿ ನಿಂತಿತ್ತೆಂದು ತಿಳಿಸುವುದು ಅವುಗಳೇ. ಆದರೆ ನಮ್ಮ ಮಳೆಗಾಲದಲ್ಲಿ ಬೀರುವಿನ ಕೆಳಗಿನ ಅಂಕಣದಲ್ಲಿಟ್ಟ ಕಾಗದ ಆಗಸ್ಟ್ ಹೊತ್ತಿಗೆ ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಹಾಗಾಗಿ ಪ್ರತಿ ಹಾಳೆಯ ಫೋಟೊ ತೆಗೆದು ಕಂಪ್ಯೂಟರಿನಲ್ಲಿ ಉಳಿಸಿ, ಮೂಲವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೇಲಿನ ಅಂಕಣದಲ್ಲಿಡಬೇಕು.